ಅಮ್ಮನ ಕಂಪ್ಯೂಟರ್ ನಿಧಾನವಾದದ್ದಕ್ಕೆ ಕಾರಣ

ಜನವರಿ 6

ಲಿಫ್ಟ್ ರಿಪೇರಿಯವಳಿಗೆ,

ನಾಲ್ಕು ವರ್ಷದ ಮೇಲೆ ಅಮ್ಮನ ಕಾಗದ ಬಂತೆಂದು ಎದೆ ಹಿಡಿದುಕೊಳ್ಳಬೇಡ. ನಾನು ಚೆನ್ನಾಗಿದ್ದೇನೆ. ರಾಜಿ ಮಾಡಿಕೊಳ್ಳಲೂ ಬರೆಯುತ್ತಿಲ್ಲ. ಕಂಪ್ಯೂಟರ್ ಕೈಕೊಡುತ್ತಿದೆ, ಅಷ್ಟೇ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹೂಂ" ಅನ್ನುತ್ತೀಯ, ಆ "ಹೂಂ" ಕೇಳಿದರೆ ನನಗೆ ನೆತ್ತಿ ಕಾಯುತ್ತದೆ, ಮೂರನೇ ನಿಮಿಷಕ್ಕೆ ಇಬ್ಬರಲ್ಲೊಬ್ಬರು ಫೋನ್ ಕುಕ್ಕುತ್ತೇವೆ. ಮೇಲ್ ಕಳಿಸೋಣವೆಂದರೆ ಅದು ತೆರೆದುಕೊಳ್ಳುವಷ್ಟರಲ್ಲಿ ಅಂಚೆಯವನು ಎರಡು ಸುತ್ತು ಬಂದು ಹೋಗಿರುತ್ತಾನೆ. ಅದಕ್ಕೇ ಪೆನ್ನು ಹಿಡಿದೆ.

ಬೆಳಿಗ್ಗೆ ಗುಂಡಿ ಒತ್ತಿ, ಮುಖ ತೊಳೆದು, ಹಾಲು ಕಾಯಿಸಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಪರದೆಯ ಮೇಲೆ ಆ ಬಿಳಿ ಬಳೆ ಸುತ್ತುತ್ತಲೇ ಇರುತ್ತದೆ. ಗಡಿಯಾರ ಇಟ್ಟು ನೋಡಿದ್ದೇನೆ: ಹನ್ನೊಂದು ನಿಮಿಷ. ಆಮೇಲೆ ಟೈಪ್ ಮಾಡಲು ಕೂತರೆ, ನಾನು ಒಂದು ಸಾಲು ಹೊಡೆದು ಮುಗಿಸಿ ಕೈಕಟ್ಟಿ ಕೂತಿರುತ್ತೇನೆ, ಅಕ್ಷರಗಳು ಬಸ್ಸಿನಿಂದ ಇಳಿಯುವ ಮುದುಕರ ಹಾಗೆ ಒಂದೊಂದಾಗಿ ಬರುತ್ತವೆ. ಮೂವತ್ತೊಂದು ವರ್ಷ ನ್ಯಾಯಾಲಯದಲ್ಲಿ ಶೀಘ್ರಲಿಪಿ ಬರೆದವಳು ನಾನು. ಎರಡೂ ಕಡೆಯ ವಕೀಲರು ಒಟ್ಟಿಗೆ ಕಿರುಚಾಡಿದಾಗಲೂ ಒಂದಕ್ಷರ ಬಿಟ್ಟವಳಲ್ಲ. ಈಗ ಒಂದು ಡಬ್ಬಿಯ ಮರ್ಜಿ ಕಾಯಬೇಕಾಗಿದೆ.

ಇಷ್ಟೇ ಆಗಿದ್ದರೆ ಹಲ್ಲುಕಚ್ಚಿ ಸಹಿಸಿಕೊಳ್ಳುತ್ತಿದ್ದೆ. ಮನೆಯಲ್ಲಿ ಕೂತು ಮಾಡುವ ನನ್ನ ಕೆಲಸ ನಿನಗೆ ಗೊತ್ತಲ್ಲ: ಕಚೇರಿಯವರು ವಿಚಾರಣೆಯ ಧ್ವನಿ ಕಳಿಸುತ್ತಾರೆ, ನಾನು ಕೇಳಿ ಟೈಪ್ ಮಾಡಿ ಹಿಂದಕ್ಕೆ ಕಳಿಸುತ್ತೇನೆ. ಅಲ್ಲಿಗೆ ಹೊಸ ಮೇಲಧಿಕಾರಿ ಬಂದಿದ್ದಾಳೆ. ಅರವತ್ತು ದಾಟಿದವರೆಲ್ಲ ಮಾರ್ಚ್ 28ಕ್ಕೆ ವೇಗದ ಪರೀಕ್ಷೆ ಕೊಡಬೇಕಂತೆ, ಅವರವರ ಮನೆಯಲ್ಲಿ, ಅವರವರ ಯಂತ್ರದಲ್ಲೇ. ನಲವತ್ತು ನಿಮಿಷದ ಧ್ವನಿ ಒಂದು ಗಂಟೆಯೊಳಗೆ ಟೈಪಾಗಿ ವಾಪಸ್ ಹೋಗಬೇಕು. ಹೋಗದಿದ್ದರೆ ಪಟ್ಟಿಯಿಂದ ಹೆಸರು ಕಿತ್ತುಹಾಕುತ್ತಾರೆ.

ಹೊಸದು ತಗೋ ಅನ್ನಬೇಡ. ಧ್ವನಿಯನ್ನು ನಿಲ್ಲಿಸುವ, ಓಡಿಸುವ ನನ್ನ ಕಾಲುಪೆಡಲು ಇದಕ್ಕೆ ಮಾತ್ರ ಹೊಂದುತ್ತದೆ. ಅಂಗಡಿಯವನು ಅದನ್ನು ಹೊಸ ಯಂತ್ರಕ್ಕೆ ಚುಚ್ಚಿ ನೋಡಿ, "ಯಾವ ಕಾಲದ್ದಮ್ಮಾ ಇದು? ಎಲ್ಲಾನೂ ಒಟ್ಟಿಗೆ ಗುಜರಿಗೆ ಹಾಕ್ಬಿಡಿ" ಅಂದ. ಎಲ್ಲಾನೂ ಅನ್ನುವಾಗ ನನ್ನ ಮುಖ ನೋಡಿದ.

ಈ ಯಂತ್ರವನ್ನು ಜೋಡಿಸಿದವಳು ನೀನು. ಒಳಗೆ ಏನಿದೆಯೆಂದು ಬಲ್ಲವಳೂ ನೀನೊಬ್ಬಳೇ. ಏನು ಮಾಡಬೇಕು ಬರಿ. ಬೇರೆ ಏನೂ ಬರೆಯಬೇಡ.

ಕಾಗದಪತ್ರಗಳ ಪ್ರಕಾರ ನಿನ್ನ ತಾಯಿ

*

ಜನವರಿ 13

ಅಮ್ಮಾ,

ಬೇರೆ ಏನೂ ಬರೆಯುವುದಿಲ್ಲ.

ಲಿಫ್ಟ್ ಎಳೆಯುತ್ತಿಲ್ಲ ಅಂತ ಕರೆ ಬಂದರೆ ನಾವು ಮೊದಲು ಕೇಳುವುದು ಏನು ಕೆಟ್ಟಿದೆ ಅಂತಲ್ಲ, ಒಳಗೆ ಎಷ್ಟು ಜನ ಹತ್ತಿದ್ದೀರಿ ಅಂತ. ನಿನ್ನ ಯಂತ್ರಕ್ಕೂ ಅದೇ ಪ್ರಶ್ನೆ. ನೀನು ಗುಂಡಿ ಒತ್ತಿದ ಕೂಡಲೇ ನಿನಗೆ ಗೊತ್ತಿಲ್ಲದ ಹತ್ತಾರು ಪ್ರೋಗ್ರಾಮ್‌ಗಳು ತಾವೂ ಎದ್ದು ಕೂರುತ್ತವೆ. ಅವು ಎದ್ದು ಮೈಮುರಿಯುವವರೆಗೆ ನಿನ್ನ ಸರದಿ ಬರುವುದಿಲ್ಲ.

ಮೊದಲು ವಿದ್ಯುತ್ ತಂತಿ ಕಿತ್ತು, ಪಕ್ಕದ ತಗಡು ಬಿಚ್ಚಿ ಧೂಳು ತೆಗಿ. ಒಣ ಬ್ರಷ್ ಸಾಕು, ಒದ್ದೆ ಬಟ್ಟೆ ಬೇಡವೇ ಬೇಡ. ಫ್ಯಾನಿಗೆ ಉಸಿರು ಕಟ್ಟಿದರೆ ಯಂತ್ರ ಬಿಸಿಯಾಗಿ ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಮೇಲೆ, ಜೊತೆಗಿಟ್ಟಿರುವ ಚೀಟಿಯಲ್ಲಿ ಬರೆದ ಹಾಗೆ, ಯಂತ್ರದ ಜೊತೆ ತಾನಾಗಿ ಏಳುವವುಗಳ ಪಟ್ಟಿ ತೆರೆದು ಬೇಡದ್ದನ್ನು ನಿಲ್ಲಿಸು. ಯಾವುದು ಬೇಕು, ಯಾವುದು ಬೇಡ ಅಂತ ಅನುಮಾನ ಬಂದರೆ ಹೆಸರು ಬರೆದು ಕಳಿಸು. ಜಾಗ ಹಿಡಿದುಕೊಂಡಿರುವ ಹಳೆಯ ಧ್ವನಿಗಳು, ಎರಡೆರಡು ಸಲ ಇಳಿಸಿದ ಫೋಟೊಗಳು, ಬೇಡದ ರಾಶಿ ಇದ್ದರೆ ಅಳಿಸು.

ಅವಸರ ಮಾಡಬೇಡ. ಎರಡೂವರೆ ತಿಂಗಳಿದೆ.

ನಿನ್ನ ಮಗಳು

*

ಜನವರಿ 13, ಕಳುಹಿಸದ್ದು

ಅಮ್ಮಾ,

ನಿನಗೆ ಬರೆದ ಕಾಗದವನ್ನು ಅಂಚೆ ಡಬ್ಬಕ್ಕೆ ಹಾಕಿ ಬಂದು, ಹದಿನಾರನೇ ಮಹಡಿಯ ನೆತ್ತಿಯ ಯಂತ್ರದ ಕೋಣೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಮೋಟರು ಗುರ್ ಅನ್ನುತ್ತಿದೆ.

ನಿನ್ನ ಕಾಗದ ಬರುತ್ತದೆಂದು ನನಗೆ ಐದು ದಿನ ಮೊದಲೇ ಗೊತ್ತಿತ್ತು. ನೀನು ಆರು ಸಲ ಬರೆದು ಹರಿದದ್ದೂ ಗೊತ್ತಿತ್ತು. "ಅವಳ ಕೈಕಾಲು ಹಿಡಿಯುವ ಗತಿ ಬಂತಲ್ಲ" ಅಂತ ನೀನು ಬರೆದುಕೊಂಡದ್ದೂ ಗೊತ್ತು.

ಆರು ವರ್ಷದ ಹಿಂದೆ ನಿನ್ನ ಯಂತ್ರ ಒಮ್ಮೆ ಎರಡು ದಿನದ ಕೆಲಸವನ್ನು ನುಂಗಿ ಹಾಕಿದಾಗ ನಾನೊಂದು ಪ್ರೋಗ್ರಾಮ್ ಹಾಕಿಕೊಟ್ಟಿದ್ದೆ. ನೀನು ಟೈಪ್ ಮಾಡಿದ್ದರ ನಕಲು ನನ್ನ ಯಂತ್ರಕ್ಕೆ ಬಂದು ಬೀಳುತ್ತದೆ, ಮತ್ತೆ ಯಾವತ್ತೂ ಕಳೆಯುವುದಿಲ್ಲ ಅಂತ ಹೇಳಿಯೂ ಇದ್ದೆ. ನೀನು ಮರೆತೆ. ಆಗ ನಾನೂ ಅದನ್ನು ನೋಡಲು ಹೋಗುತ್ತಿರಲಿಲ್ಲ.

ಜಗಳವಾಯಿತು. ಅಪ್ಪ ಹೋಗಿ ಮೂರು ವಾರವಾಗಿತ್ತು. ಚಪ್ಪಲಿ ಬಿಡುವ ಜಾಗದಲ್ಲಿ ನಿಂತು ನಾನು ಹೇಳಿದ್ದು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ: "ನೋಡ್ಕೊಂಡು ನೋಡ್ಕೊಂಡು ನಿಂಗೆ ಸಾಕಾಗಿತ್ತು. ಅದಕ್ಕೇ ಆಸ್ಪತ್ರೆ ಬಿಡಿಸ್ಕೊಂಡು ಬಂದೆ. ಅಪ್ಪನ್ನ ನೀನೇ ಕೊಂದೆ." ನೀನು ಬಾಗಿಲು ತೆರೆದು "ಹೊರಡು" ಅಂದೆ. ಹೊರಟೆ. ಮಾರನೆಯ ಬೆಳಿಗ್ಗೆ ನನ್ನ ಪರದೆಯ ಮೇಲೆ ಒಂದು ಪುಟ ಬಂದು ಕೂತಿತ್ತು.

ಕೆಲಸಕ್ಕೆ ಮೊದಲು ಬೆರಳು ಪಳಗಲೆಂದು ಹತ್ತು ನಿಮಿಷ ಮನಸ್ಸಿಗೆ ಬಂದದ್ದನ್ನೆಲ್ಲ ಟೈಪ್ ಮಾಡುತ್ತೀಯಲ್ಲ, ಹಿಂದಿರುಗಿ ಓದದೆ ಮುಚ್ಚಿಡುತ್ತೀಯಲ್ಲ, ಆ ತಾಲೀಮಿನ ಪುಟ. ಓದಿದೆ. ನಿಲ್ಲಿಸಬೇಕು ಅಂದುಕೊಂಡೆ. ಮಾರನೆಯ ದಿನ ಇನ್ನೊಂದು ಬಂತು. ನಾಲ್ಕು ವರ್ಷ, ಒಂದು ದಿನವೂ ಬಿಟ್ಟಿಲ್ಲ. ಕಚೇರಿಯ ಕಡತಗಳನ್ನು ಮುಟ್ಟಿಲ್ಲ. ಈ ಪುಟಗಳನ್ನು ಮಾತ್ರ ಬೆಳಿಗ್ಗೆ ಚಹಾದ ಜೊತೆ ಓದಿ ಕೆಲಸಕ್ಕೆ ಹೋಗುತ್ತೇನೆ.

ನಿನ್ನ ಯಂತ್ರವನ್ನು ಜಗ್ಗುತ್ತಿರುವುದು ಧೂಳಲ್ಲ, ಫೋಟೊ ಅಲ್ಲ. ಆ ಪ್ರೋಗ್ರಾಮ್. ಅದನ್ನು ತೆಗೆ ಅಂತ ಒಂದು ಸಾಲು ಬರೆದರೆ ನಿನ್ನ ಕೆಲಸ ಉಳಿಯುತ್ತದೆ. ಅದು ಏನು ಅಂತ ನೀನು ಕೇಳಿಯೇ ಕೇಳುತ್ತೀಯ. ಆಮೇಲೆ ನನಗೆ ಪುಟವೂ ಇಲ್ಲ, ನೀನೂ ಇಲ್ಲ.

*

ಜನವರಿ 24

ರಿಪೇರಿಯವಳಿಗೆ,

ತಗಡು ಬಿಚ್ಚಿದೆ. ಒಳಗೆ ಒಂದು ಬೆಕ್ಕನ್ನು ಮಾಡುವಷ್ಟು ಧೂಳು. ನಿಮ್ಮಪ್ಪ ಬೋರ್ಡ್ ಬರೆಯುತ್ತಿದ್ದ ಬ್ರಷ್‌ಗಳಲ್ಲಿ ಅಗಲದ್ದೊಂದನ್ನು ತೆಗೆದು ಗುಡಿಸಿದೆ. ನಡುವೆ ಹತ್ತು ಸಲ ಸೀನಿದೆ. ಒಂದು ತಿರುಪು ಮಂಚದ ಕೆಳಗೆ ಉರುಳಿ ಹೋಯಿತು, ಅರ್ಧ ಗಂಟೆ ನೆಲದ ಮೇಲೆ ಬೋರಲು ಬಿದ್ದು ಹುಡುಕಿದೆ. ಎದುರುಮನೆಯ ಹಲ್ಲಿನ ಡಾಕ್ಟರು ಬಾಗಿಲಲ್ಲಿ ಇಣುಕಿ, "ಏನಮ್ಮಾ, ಬಿದ್ರಾ?" ಅಂದರು. "ಇಲ್ಲ, ಎದ್ದಿದ್ದೀನಿ" ಅಂದೆ.

ತಾನಾಗಿ ಏಳುವವುಗಳ ಪಟ್ಟಿ ನೋಡಿ ಕಣ್ಣು ಕತ್ತಲಿಟ್ಟಿತು. ಹದಿನೇಳು! ನಾನು ಬಾಡಿಗೆಗೆ ಕೊಟ್ಟ ಛತ್ರವೇ ಇದು? ಹದಿನಾರನ್ನು ಕತ್ತು ಹಿಡಿದು ಹೊರಗೆ ಹಾಕಿದೆ. ಒಂದು ಮಾತ್ರ ಉಳಿಯಿತು. ಛತ್ರಿಯ ಚಿತ್ರ ಇದೆ, ಹೆಸರು ಬರೀ ಅಡ್ಡಾದಿಡ್ಡಿ ಅಕ್ಷರ. ಡಾಕ್ಟರು ಹೇಳಿಕೊಟ್ಟ ಹಾಗೆ ಯಾರು ಎಷ್ಟು ತಿನ್ನುತ್ತಾರೆ ಅನ್ನುವ ಪುಟ ತೆರೆದು ನೋಡಿದರೆ ಈ ಛತ್ರಿಯೇ ಎಲ್ಲರಿಗಿಂತ ಮೇಲೆ. ಇದು ಯಾರು? ಇರಲೇ, ಹೋಗಲೇ?

ಅಳಿಸುವ ಕೆಲಸವನ್ನೂ ಮುಗಿಸಿದೆ. ಕೈ ಹಾಕಿದ ಮೇಲೆ ನಾನು ಅರ್ಧಕ್ಕೆ ಬಿಡುವವಳಲ್ಲ. ಹಳೆಯ ಧ್ವನಿಗಳೆಲ್ಲ ಹೋದವು. ನನ್ನ ಬೆಳಗಿನ ತಾಲೀಮಿನ ಪುಟಗಳೂ ಹೋದವು, ಮೊದಲ ದಿನದಿಂದ ಮೊನ್ನೆಯವರೆಗಿನವು. ಯಾರಿಗೆ ಬೇಕು ಆ ಕಸ? ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ.

ಇಷ್ಟೆಲ್ಲ ಮಾಡಿ ಗಡಿಯಾರ ಇಟ್ಟರೆ ಒಂಬತ್ತು ನಿಮಿಷ. ಅಕ್ಷರಗಳು ಈಗಲೂ ಬಸ್ಸಿನಿಂದ ಇಳಿಯುತ್ತಿವೆ. ಬೇಗ ಬರಿ. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ತಾಯಿ

*

ಫೆಬ್ರವರಿ 1

ಅಮ್ಮಾ,

ಛತ್ರಿಯನ್ನು ಮುಟ್ಟಬೇಡ. ಅದು ಯಂತ್ರದ ರಕ್ಷಣೆಗೆ ಬೇಕಾದದ್ದು.

ನಿನ್ನ ಯಂತ್ರದೊಳಗೆ RAM ಅನ್ನುವ ನೆನಪಿನ ಪಟ್ಟಿ ಇದೆ, ಅದು ಚಿಕ್ಕದು. ಮೇಜು ಚಿಕ್ಕದಿದ್ದರೆ ಪ್ರತಿ ಸಲ ಒಂದು ಕಡತ ಎತ್ತಿಟ್ಟು ಇನ್ನೊಂದು ತೆರೆಯಬೇಕಲ್ಲ, ಹಾಗೆ. ಪಾರ್ಸೆಲ್‌ನಲ್ಲಿ ಇನ್ನೊಂದು ಪಟ್ಟಿ ಕಳಿಸುತ್ತಿದ್ದೇನೆ. ಇರುವುದರ ಪಕ್ಕದಲ್ಲೇ ಖಾಲಿ ಸೀಳು ಕಾಣುತ್ತದೆ. ಮೈಯಲ್ಲಿನ ವಿದ್ಯುತ್ ಇಳಿಯಲು ಮೊದಲು ಕಿಟಕಿಯ ಕಬ್ಬಿಣ ಮುಟ್ಟಿ ಆಮೇಲೆ ಪಟ್ಟಿಯನ್ನು ಹಿಡಿ. ಎರಡೂ ಹೆಬ್ಬೆರಳಿನಿಂದ ಸಮವಾಗಿ ಒತ್ತು, ಟಕ್ ಅನ್ನುತ್ತದೆ.

ಇನ್ನೊಂದು ಮಾತು. ನೀನು ಬರೆದದ್ದನ್ನು ಇನ್ನು ಅಳಿಸಬೇಡ. ಬರಹಕ್ಕೆ ತೂಕವೇ ಇಲ್ಲ. ನಿನ್ನ ಸಾವಿರದ ನಾನೂರು ಪುಟ ಸೇರಿದರೂ ನಾಲ್ಕು ಫೋಟೊಗಳಷ್ಟು ಜಾಗ ಹಿಡಿಯುವುದಿಲ್ಲ. ದಯವಿಟ್ಟು.

ನಿನ್ನ ಮಗಳು

*

ಫೆಬ್ರವರಿ 12

ಮಗಳಿಗೆ,

ಪಟ್ಟಿ ಹಾಕಿದೆ. ಟಕ್ ಅಂತು. ಆ ಸದ್ದಿಗೆ ನನ್ನ ಜೀವವೇ ಹೋಗಿ ಬಂತು, ಮುರಿದೆನೋ ಅಂತ. ಮುರಿದಿರಲಿಲ್ಲ. ಏಳುವುದಕ್ಕೆ ಈಗ ಐದು ನಿಮಿಷ. ಖುಷಿಯಿಂದ ಡಾಕ್ಟರನ್ನು ಕರೆದು ತೋರಿಸಿದೆ. ಅವರೂ ಹಲ್ಲು ಬಿಟ್ಟರು.

ಖುಷಿ ಒಂದೇ ದಿನ. ಮಾರನೆಯ ದಿನ ಹಳೆಯ ನಲವತ್ತು ನಿಮಿಷದ ಧ್ವನಿಯೊಂದನ್ನು ಹಾಕಿ ಪರೀಕ್ಷೆಯ ಹಾಗೇ ಕೂತೆ. ಎಪ್ಪತ್ತೊಂದು ನಿಮಿಷ. ತಡೆದದ್ದು ನನ್ನ ಕೈಯಲ್ಲ. ಪ್ರತಿ ಅರ್ಧ ನಿಮಿಷಕ್ಕೊಮ್ಮೆ ಪರದೆ ಬಿಗಿದುಕೊಳ್ಳುತ್ತದೆ, ಅಕ್ಷರ ನಿಲ್ಲುತ್ತದೆ, ಪೆಡಲು ಒತ್ತಿದರೂ ಧ್ವನಿ ಮುಂದೆ ಹೋಗುವುದಿಲ್ಲ. ನಾನು ಬಾಲ ಸುಟ್ಟ ಬೆಕ್ಕಿನ ಹಾಗೆ ಕುರ್ಚಿಯಿಂದ ಎದ್ದು ಕೂತು ಎದ್ದು ಕೂತು ಮಾಡಿದೆ. ನೀನು ಗಡಿಯಾರ ನೋಡಬೇಡ ಅನ್ನಬಹುದು. ನೋಡದೆ ಇರುವುದು ಹೇಗೆ?

ಎರಡು ವಿಷಯ ನನ್ನನ್ನು ಕೊರೆಯುತ್ತಿವೆ.

ಗೋಡೆಯ ಮೇಲಿನ ಇಂಟರ್ನೆಟ್ ಡಬ್ಬಿಯಲ್ಲಿ ಒಂದು ಹಸಿರು ದೀಪ ಇದೆ. ನಾನು ಟೈಪ್ ಮಾಡಿದರೆ ಅದು ಮಿಟುಕುತ್ತದೆ. ನಿಲ್ಲಿಸಿದರೆ ಸ್ವಲ್ಪ ಹೊತ್ತಿಗೆ ಅದೂ ನಿಲ್ಲುತ್ತದೆ. ಮತ್ತೆ ಶುರು ಮಾಡಿದರೆ ಮತ್ತೆ ಮಿಟುಕುತ್ತದೆ. ಯಾರೋ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿರುವ ಹಾಗಿದೆ. ಈಗ ಛತ್ರಿಯನ್ನು ಬಿಟ್ಟರೆ ಬೇರೆ ಯಾರೂ ಒಳಗೆ ಎದ್ದಿರುವುದಿಲ್ಲ.

ಇನ್ನೊಂದು. ನಾನು ಕಾಗದ ಬರೆಯುವಾಗ ಕೆಳಗೆ ಕಾರ್ಬನ್ ಇಟ್ಟು ಪ್ರತಿ ಉಳಿಸಿಕೊಳ್ಳುತ್ತೇನೆ, ಕಚೇರಿಯ ಚಾಳಿ. ಜನವರಿ 24ರ ಪ್ರತಿ ತೆಗೆದು ನೋಡಿದೆ. "ತಾಲೀಮಿನ ಪುಟಗಳು" ಅಂತಷ್ಟೇ ಬರೆದಿದ್ದೇನೆ. ಎಷ್ಟು ಅಂತ ಬರೆದಿಲ್ಲ. ನೀನು ಸಾವಿರದ ನಾನೂರು ಅಂದೆ. ದಿನಕ್ಕೊಂದರಂತೆ ನಾಲ್ಕು ವರ್ಷಕ್ಕೆ ಅಂದಾಜು ಕಟ್ಟಿರಬೇಕು ಅಂದುಕೊಂಡೆ. ಆದರೆ ಜಗಳದ ಮೊದಲು ನಾನು ತಾಲೀಮು ಮಾಡುತ್ತಿದ್ದದ್ದು ವಾರಕ್ಕೊಮ್ಮೆ. ದಿನಾ ಮಾಡಲು ಶುರುವಾದದ್ದು ನೀನು ಹೋದ ಮೇಲೆ. ಅದು ನಿನಗೆ ಹೇಗೆ ಗೊತ್ತಾಯಿತು?

ಛತ್ರಿ ಏನು, ಸರಿಯಾಗಿ ಹೇಳು.

ಅಮ್ಮ

*

ಫೆಬ್ರವರಿ 19, ಕಳುಹಿಸದ್ದು

ಅಮ್ಮಾ, ಛತ್ರಿ ಅಂದರೆ

*

ಮಾರ್ಚ್ 3

ಮಗಳಿಗೆ,

ಉತ್ತರವಿಲ್ಲ. ಅಂಚೆಯವನು ನನ್ನನ್ನು ಕಂಡರೆ ಈಗ ಆಚೆ ಬದಿಯ ರಸ್ತೆ ಹಿಡಿಯುತ್ತಾನೆ.

ಮತ್ತೆರಡು ಸಲ ಕೂತು ನೋಡಿದೆ. ಅರವತ್ತೊಂಬತ್ತು. ಅರವತ್ತೆಂಟೂವರೆ. ಪರೀಕ್ಷೆಗೆ ಇಪ್ಪತ್ತೈದು ದಿನ. ಛತ್ರಿಯನ್ನು ಕಿತ್ತೊಗೆಯಲು ಬೆರಳು ಗುಂಡಿಯವರೆಗೆ ಹೋಗುತ್ತದೆ. ರಕ್ಷಣೆಗೆ ಬೇಕು ಅಂತ ನೀನು ಬರೆದಿದ್ದೀಯ, ಕಿತ್ತರೆ ಇರುವುದೂ ಹೋಗಿಬಿಟ್ಟರೆ? ಆ ಒಂದು ಮಾತಿಗೆ ಕಟ್ಟುಬಿದ್ದು ಕೂತಿದ್ದೇನೆ.

ನಿನಗೆ ನಗು ಬರಬಹುದು, ಈ ವಯಸ್ಸಿನಲ್ಲಿ ಇವಳಿಗೆ ಕಚೇರಿಯ ಪಟ್ಟಿಯ ಹುಚ್ಚು ಯಾಕೆ ಅಂತ. ಬೆಳಿಗ್ಗೆ ಎದ್ದರೆ ಯಾರೋ ಎಲ್ಲೋ ಹೇಳಿದ ಮಾತು ನನಗಾಗಿ ಕಾದಿರುತ್ತದೆ. ಅದನ್ನು ಒಂದಕ್ಷರ ಬಿಡದೆ ಬರೆಯಬೇಕು. ಅದಿಲ್ಲದಿದ್ದರೆ ಈ ಮನೆಯಲ್ಲಿ ಮಾತೇ ಇಲ್ಲ. ನನಗೆ ಹೆದರಿಕೆಯಾಗುತ್ತಿದೆ. ಹೇಳಬಾರದು ಅಂತಿದ್ದೆ, ಹೇಳಿದ್ದೇನೆ.

ಅಮ್ಮ

*

ಮಾರ್ಚ್ 8

ಅಮ್ಮಾ,

ಛತ್ರಿಯನ್ನು ತೆಗೆದುಹಾಕು. ಹೇಗೆ ಅಂತ ಇನ್ನೊಂದು ಹಾಳೆಯಲ್ಲಿ ಒಂದೊಂದು ಹೆಜ್ಜೆಯಾಗಿ ಬರೆದಿದ್ದೇನೆ. ಮೊದಲು ಅದನ್ನು ಮಾಡಿ ಮುಗಿಸು, ಆಮೇಲೆ ಇದನ್ನು ಓದು. ಓದಿದ ಮೇಲೆ ಕೂತರೆ ಹೆಜ್ಜೆ ತಪ್ಪುತ್ತದೆ.

ರಕ್ಷಣೆಗೆ ಬೇಕು ಅಂದದ್ದು ಸುಳ್ಳು. ಅದು ನಿನ್ನ ಬರಹದ ನಕಲನ್ನು ನನಗೆ ಕಳಿಸುವ ಪ್ರೋಗ್ರಾಮ್. ಆರು ವರ್ಷದ ಹಿಂದೆ ಹಾಕಿದ್ದು, ಕೆಲಸ ಕಳೆದುಹೋಗಬಾರದು ಅಂತ. ಅದು ದಿನವೂ ಯಂತ್ರದೊಳಗಿನ ಒಂದೊಂದು ಕಾಗದವನ್ನೂ ಮೊದಲಿನಿಂದ ಎಣಿಸಿ, ಹೊಸದೇನಿದೆ ಅಂತ ಹುಡುಕುತ್ತದೆ. ನೀನು ಟೈಪ್ ಮಾಡುವಾಗ ಅರ್ಧ ನಿಮಿಷಕ್ಕೊಮ್ಮೆ ಯಂತ್ರ ಬರೆದದ್ದನ್ನು ತಾನಾಗಿ ಉಳಿಸುತ್ತದಲ್ಲ, ಆಗೆಲ್ಲ ಇದು ಮೇಲೆ ಬಿದ್ದು ಹೊಸ ನಕಲು ಕಳಿಸುತ್ತದೆ. ಪರದೆ ಬಿಗಿದುಕೊಳ್ಳುವುದು ಅದಕ್ಕೇ. ಜನವರಿಯಲ್ಲೇ ನನಗೆ ಗೊತ್ತಿತ್ತು. ಧೂಳು, ಪಟ್ಟಿ, ಪಾರ್ಸೆಲ್ ಅಂತ ನಿನ್ನನ್ನು ಓಡಾಡಿಸಿದೆ.

ನಾಲ್ಕು ವರ್ಷದಿಂದ ನಿನ್ನ ಬೆಳಗಿನ ಪುಟಗಳನ್ನು ಚಹಾದ ಜೊತೆ ಓದುತ್ತಿದ್ದೇನೆ. ಎಲ್ಲವನ್ನೂ. ನಿನ್ನ ಕಡೆ ಅಳಿಸಿದ್ದು ನನ್ನ ಕಡೆ ಅಳಿದಿಲ್ಲ, ಒಂದೂ ಕಳೆದಿಲ್ಲ. ನನ್ನನ್ನು ಬೈದದ್ದನ್ನು ಓದಿದ್ದೇನೆ. ಮಣಿಕಟ್ಟು ಮುರಿದು ಒಂದೇ ಕೈಯಲ್ಲಿ ಹೊಡೆದ ನಾಲ್ಕು ನಾಲ್ಕು ಸಾಲಿನ ಪುಟಗಳನ್ನು ಓದಿದ್ದೇನೆ. ಎರಡನೇ ವರ್ಷ ಅಪ್ಪನ ಬಗ್ಗೆ ಬರೆದ ಪುಟವನ್ನೂ ಓದಿದ್ದೇನೆ: "ಇನ್ನು ಸೂಜಿ ಬೇಡ, ಮನೆಗೆ ಕರ್ಕೊಂಡು ಹೋಗು, ಮಗೂಗೆ ಹೇಳ್ಬೇಡ, ಅವಳು ನನ್ನ ಬಿಡಲ್ಲ" ಅಂತ ಅಪ್ಪನೇ ನಿನ್ನ ಕೈ ಹಿಡಿದು ಕೇಳಿದ್ದು. ಅಪ್ಪನಿಗೆ ಕೊಟ್ಟ ಮಾತಿಗಾಗಿ ನೀನು ಬಾಯಿ ಬಿಡದೆ ನನ್ನ ಮಾತು ತಿಂದದ್ದು.

ಮಾರ್ಚ್ 4ರ ಪುಟದಲ್ಲಿ ಬರೆದಿದ್ದೀಯ: "ಇವತ್ತೂ ಅಂಚೆಯವನು ಮೆಟ್ಟಿಲು ಹತ್ತಲಿಲ್ಲ. ಅವಳನ್ನು ಕೇಳಬಾರದಿತ್ತು." ಅದನ್ನು ಓದಿದ ಮೇಲೆ ನನಗೆ ಕೆಲಸಕ್ಕೆ ಹೋಗಲಾಗಲಿಲ್ಲ.

ಪರೀಕ್ಷೆ ಚೆನ್ನಾಗಿ ಮಾಡು.

ಮಗಳು

*

ಮಾರ್ಚ್ 15

ಕದ್ದು ಓದಿದವಳಿಗೆ,

ತೆಗೆದೆ. ಒಂದೂವರೆ ನಿಮಿಷದಲ್ಲಿ ಯಂತ್ರ ಏಳುತ್ತಿದೆ. ಅಕ್ಷರ ಬೆರಳಿನ ಜೊತೆಗೇ ಬರುತ್ತಿದೆ. ನಿನ್ನ ಹಾಳೆಯಲ್ಲಿ ತಪ್ಪಿರಲಿಲ್ಲ. ಕೆಲಸದಲ್ಲಿ ನೀನು ಎತ್ತಿದ ಕೈ, ಅದನ್ನು ನಾನು ಯಾವತ್ತೂ ಇಲ್ಲ ಅಂದವಳಲ್ಲ.

ಮೂರು ದಿನ ಮನೆಯೊಳಗೆ ಅಡ್ಡಾಡಿದೆ. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ. ಸ್ನಾನದ ಮನೆಯಲ್ಲಿ ಬಟ್ಟೆ ಬದಲಿಸುವಾಗ ಯಾರೋ ನಾಲ್ಕು ವರ್ಷದಿಂದ ನೋಡುತ್ತಿದ್ದರು ಅಂತ ಗೊತ್ತಾದ ಹಾಗಾಯಿತು. ನಾನು ಯಾವ ಹೊಲಸು ಮಾತನ್ನೆಲ್ಲ ಬರೆದಿದ್ದೇನೋ. ನಿನ್ನನ್ನು ಹೆರಬಾರದಿತ್ತು ಅಂತ ಒಂದು ದಿನ ಬರೆದ ನೆನಪಿದೆ. ಅದನ್ನೂ ಚಹಾದ ಜೊತೆ ಓದಿದೆಯಾ?

ಅದನ್ನು ಬಿಡು. ಓದಿದ್ದನ್ನು ನುಂಗಿಕೊಳ್ಳಬಲ್ಲೆ. ಮೂವತ್ತೊಂದು ವರ್ಷ ಬೇರೆಯವರ ಮನೆಯ ಗುಟ್ಟು ಬರೆದವಳು ನಾನು, ಕಿವಿ ಇಟ್ಟು ಕೇಳುವವರನ್ನು ಕಂಡರೆ ನನಗೆ ಅಷ್ಟು ಅಸಹ್ಯವಿಲ್ಲ. ಮಣಿಕಟ್ಟು ಮುರಿದದ್ದು ಗೊತ್ತಿದ್ದೂ ನೀನು ಬರಲಿಲ್ಲ, ಅದನ್ನೂ ಬಿಡುತ್ತೇನೆ. ಆರು ವಾರ ಒಂದೇ ಕೈಯಲ್ಲಿ ಜಡೆ ಹಾಕಿಕೊಳ್ಳಲು ಕಲಿತೆ.

ಬಿಡಲಾಗದ್ದು ಒಂದಿದೆ. ಎರಡನೇ ವರ್ಷವೇ ನಿನಗೆ ಗೊತ್ತಾಯಿತು, ನಾನು ಅವರನ್ನು ಕೊಂದಿಲ್ಲ ಅಂತ. ಅಲ್ಲಿಂದ ಇಲ್ಲಿಗೆ ಎರಡು ವರ್ಷ. ಎರಡು ವರ್ಷ ನಾನು ದಿನಾ ಬೆಳಿಗ್ಗೆ ಎದ್ದು, ನನ್ನ ಮಗಳು ನನ್ನನ್ನು ಕೊಲೆಗಾತಿ ಅಂದುಕೊಂಡಿದ್ದಾಳೆ ಅಂತಲೇ ದಿನ ಶುರು ಮಾಡಿದೆ. ನೀನು ಅದನ್ನೂ ಓದಿದೆ. ಮಾರನೆಯ ದಿನ ಮುಂದಿನ ಪುಟಕ್ಕೆ ಕಾದೆ.

ಒಂದು ಕಾರ್ಡು ಸಾಕಿತ್ತು. "ಅಮ್ಮಾ, ನಾನು ಹೇಳಿದ್ದು ತಪ್ಪು." ನಿನಗೆ ಹೇಗೆ ಗೊತ್ತಾಯಿತು ಅಂತ ನಾನು ಕೇಳುತ್ತಲೂ ಇರಲಿಲ್ಲ.

ಸಹಿ ಹಾಕುವ ಮನಸ್ಸಿಲ್ಲ.

*

ಮಾರ್ಚ್ 21

ಅಮ್ಮಾ,

ನಾನು ಹೇಳಿದ್ದು ತಪ್ಪು. ನೀನು ಅಪ್ಪನನ್ನು ಕೊಲ್ಲಲಿಲ್ಲ. ಅಪ್ಪ ಕೇಳಿದ್ದನ್ನು ಕೊಟ್ಟೆ. ನನ್ನ ಕೈಯಲ್ಲಿ ಅದು ಆಗುತ್ತಿರಲಿಲ್ಲ ಅಂತ ಅಪ್ಪನಿಗೆ ಗೊತ್ತಿತ್ತು.

ಎರಡು ವರ್ಷ ಯಾಕೆ ಹೇಳಲಿಲ್ಲ ಅನ್ನುವುದಕ್ಕೆ ಗೌರವದ ಕಾರಣ ಯಾವುದೂ ಇಲ್ಲ. ಹೇಳಿದರೆ ಗೊತ್ತಾಗುತ್ತದೆ, ಗೊತ್ತಾದರೆ ಪುಟ ನಿಲ್ಲುತ್ತದೆ ಅಂತ ಹೆದರಿದೆ. ನಿನ್ನ ನೋವಿಗಿಂತ ನನಗೆ ಆ ಪುಟವೇ ಮುಖ್ಯವಾಯಿತು. ನಿನ್ನ ಮಣಿಕಟ್ಟಿನ ಪುಟ ಬಂದ ದಿನ ಬಸ್ಸು ಹತ್ತಿದ್ದೆ. ಅರ್ಧ ದಾರಿಯಲ್ಲಿ, "ನಿನಗೆ ಯಾರು ಹೇಳಿದರು?" ಅಂತ ನೀನು ಕೇಳಿದರೆ ಏನು ಹೇಳಲಿ ಅಂತ ಯೋಚಿಸಿ ಇಳಿದುಬಿಟ್ಟೆ. ಇಳಿದ ನಿಲ್ದಾಣದಲ್ಲಿ ಎರಡು ಗಂಟೆ ಕೂತಿದ್ದು ವಾಪಸ್ ಬಂದೆ.

ಹೆರಬಾರದಿತ್ತು ಅಂದದ್ದನ್ನು ಓದಿದೆ. ಅವತ್ತು ಚಹಾ ಕುಡಿಯಲಿಲ್ಲ.

ಈಗ ಬೆಳಿಗ್ಗೆ ಪರದೆ ಖಾಲಿ ಇರುತ್ತದೆ. ಅದು ಸರಿಯೇ. ಪುಟಗಳನ್ನು ಏನು ಮಾಡಲಿ ಹೇಳು. ಅಳಿಸು ಅಂದರೆ ಅಳಿಸುತ್ತೇನೆ.

ಮಗಳು

*

ಏಪ್ರಿಲ್ 9

ಮಗಳೇ,

ಪರೀಕ್ಷೆ ಆಯಿತು. ಐವತ್ತೆರಡು ನಿಮಿಷ. ಹೊಸ ಮೇಲಧಿಕಾರಿ ತಾನೇ ಫೋನ್ ಮಾಡಿ, "ನಿಮ್ಮ ಮೆಷಿನ್ ಯಾವುದಮ್ಮಾ?" ಅಂದಳು. ಹಳೆಯದು ಅಂದೆ. ಪಟ್ಟಿಯಲ್ಲಿ ಹೆಸರು ಉಳಿದಿದೆ. ಡಾಕ್ಟರಿಗೆ ಹೇಳಿದೆ, ನನಗಿಂತ ಜೋರಾಗಿ ಕುಣಿದದ್ದು ಅವರೇ.

ಆದರೆ ಒಂದು ಎಡವಟ್ಟಾಗಿದೆ. ಬೆಳಿಗ್ಗೆ ತಾಲೀಮಿಗೆ ಕೂತರೆ ಏನೂ ಬರುವುದಿಲ್ಲ. ಯಂತ್ರ ಕುದುರೆಯ ಹಾಗೆ ತಯಾರಾಗಿ ನಿಂತಿರುತ್ತದೆ, ನಾನು ಹತ್ತು ನಿಮಿಷ ಬೆರಳಿಟ್ಟುಕೊಂಡು ಕೂತು ಎದ್ದು ಬರುತ್ತೇನೆ. ಮೊದಲು ಯಾರೂ ಓದುವುದಿಲ್ಲ ಅಂತ ಬರೆಯುತ್ತಿದ್ದೆ. ಈಗ ನಿಜವಾಗಿಯೂ ಯಾರೂ ಓದುವುದಿಲ್ಲ, ಬರೆಯಲು ಕೈ ಏಳುವುದಿಲ್ಲ. ಈ ಸಿಟ್ಟನ್ನು ಯಾರ ಮೇಲೆ ಹಾಕಲಿ? ನಿನ್ನ ಮೇಲೆಯೇ ಹಾಕುತ್ತೇನೆ.

ಪುಟಗಳನ್ನು ಅಳಿಸಬೇಡ. ಅಳಿಸುವುದು, ಬಿಡುವುದು ನಿನ್ನ ಅಧಿಕಾರವಲ್ಲ, ನನ್ನ ಅಧಿಕಾರವೂ ಇನ್ನೂ ಅಲ್ಲ. ನಮ್ಮ ನ್ಯಾಯಾಲಯದಲ್ಲಿ ಒಂದು ಕ್ರಮ ಇತ್ತು. ಸಾಕ್ಷಿ ಹೇಳಿದ್ದನ್ನು ಬರೆದುಕೊಂಡವಳು ಅದನ್ನು ಅವನೆದುರು ನಿಂತು ಗಟ್ಟಿಯಾಗಿ ಓದಬೇಕು. ಅವನು ಸರಿ ಅನ್ನಬೇಕು, ಇಲ್ಲವೇ ಇದು ನಾನು ಹೇಳಿದ್ದಲ್ಲ, ಹೊಡೆದುಹಾಕಿ ಅನ್ನಬೇಕು. ಹಾಗೆ ಓದಿ ಕೇಳಿಸುವವರೆಗೆ ಅದು ಯಾರ ಮಾತೂ ಅಲ್ಲ, ಬರೀ ಕಾಗದ. ಎಷ್ಟೋ ಸಲ ಸಾಕ್ಷಿಗಳು ತಮ್ಮದೇ ಮಾತು ಕೇಳಿ ಬೆಚ್ಚಿಬಿದ್ದದ್ದನ್ನು ನೋಡಿದ್ದೇನೆ.

ನೀನು ನಾಲ್ಕು ವರ್ಷ ಬರೆದುಕೊಂಡಿದ್ದೀಯ. ಬಂದು ಓದು. ನಾನು ಎದುರಿಗೆ ಕೂರುತ್ತೇನೆ. ಎಲ್ಲಿ ಹೊಡೆದುಹಾಕು ಅನ್ನುತ್ತೇನೋ ಅಲ್ಲಿ ಹೊಡೆದುಹಾಕು. ಹೆರಬಾರದಿತ್ತು ಅನ್ನುವುದು ಬಂದಾಗ ಏನು ಹೇಳುತ್ತೇನೆ ಅಂತ ನನಗೂ ಗೊತ್ತಿಲ್ಲ, ಅದು ಆವತ್ತಿನ ನನ್ನ ಮನಸ್ಸಿಗೆ ಬಿಟ್ಟದ್ದು. ನಾನು ಕ್ಷಮಿಸಿದೆ ಅಂತ ಇದರ ಅರ್ಥವಲ್ಲ. ದಿನಕ್ಕೆ ಹತ್ತು ಪುಟ ಓದಿದರೂ ಐದು ತಿಂಗಳು ಹಿಡಿಯುತ್ತದೆ, ಅಷ್ಟರಲ್ಲಿ ನೋಡೋಣ. ಪುಟಗಳನ್ನೆಲ್ಲ ಹಾಳೆಗೆ ಇಳಿಸಿ ತಾ, ಪರದೆ ನೋಡಿ ಓದುವವರು ಸಾಲು ಹಾರಿಸುತ್ತಾರೆ. ಇಲ್ಲಿಯೂ ಲಿಫ್ಟುಗಳು ಕೆಡುತ್ತವೆ, ನಿನಗೆ ಕೆಲಸ ಸಿಗದೆ ಇರುವುದಿಲ್ಲ.

ಭಾನುವಾರ ಬಾ. ಈ ಸಲ ಅರ್ಧ ದಾರಿಯಲ್ಲಿ ಇಳಿಯಬೇಡ.

ಮೊದಲ ದಿನದಿಂದ ಶುರು ಮಾಡುವುದು ಬೇಡ. ಅಪ್ಪನ ಪುಟ ಮೊದಲು. ಪೂರ್ತಿ ಓದು, ಗಟ್ಟಿಯಾಗಿ ಓದು. ನಡುವೆ ಅಳಬೇಡ, ಅಕ್ಷರ ನನಗೆ ಕೇಳಿಸುವುದಿಲ್ಲ.

ಅಮ್ಮ